ಮುಂಬೈಯಿಂದ ಕುಂದಾಪುರಕ್ಕೆ ಸೆಕೆಂಡ್ ಹ್ಯಾಂಡ್ ಝಡ್4 ಓಡಿಸ್ಕೊಂಡು ಬರೋದು: ಯಾವ ರೂಟು, ಏನೇನ್ ನೋಡ್ಕೋಬೇಕು?

ಮೂರ್ಕೈಯವ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದ್ಕೊಂಡು ಇದ್ದೆ, ಈಗ ಕೇಳೋ ಸರದಿ ನಂದು. ಮುಂಬೈ ಅಂಧೇರಿಲಿ ಒಂದು ಬಿಎಂಡಬ್ಲ್ಯು ಝಡ್4 ಎಂ40ಐ ಗೊತ್ತುಮಾಡಿದೀನಿ, 2021ರ ಗಾಡಿ, ಒಬ್ರೇ ಓನರ್, ಮೀಟರಲ್ಲಿ 11 ಸಾವಿರ ಚಿಲ್ಲರೆ. ಅಡ್ವಾನ್ಸ್ ಕೊಟ್ಟಾಗಿದೆ, ಜನವರಿ ಎರಡನೇ ವಾರ ಹೋಗಿ ತರ್ಬೇಕು. ಮನೆ ಕುಂದಾಪುರ ಹತ್ರ. ಮನೇಲಿ ಎಲ್ರೂ ಲಾರಿಗೆ ಹಾಕ್ಸಿ ತರ್ಸು ಅಂತಿದಾರೆ, ನಂಗೆ ಮಾತ್ರ ಓಡಿಸ್ಕೊಂಡೇ ಬರ್ಬೇಕು ಅಂತ ಹಟ. 340 ಹಾರ್ಸ್‌ಪವರಿನ ಆರು ಸಿಲಿಂಡರ್ ಎಂಜಿನ್ ತಗೊಂಡು ಅದನ್ನ ಕಂಟೈನರ್ ಒಳಗೆ ಕತ್ಲೇಲಿ ಕೂರಿಸಿ ತರೋದು ಅಂದ್ರೆ ಮದುವೆಗೆ ಹೋಗಿ ಊಟ ಮಾಡ್ದೆ ಎದ್ದು ಬಂದ ಹಾಗೆ ಅಲ್ವಾ.

ಈಗ ರೂಟ್ ವಿಷಯ. ಒಂದು, ಪನ್ವೇಲ್‌ನಿಂದ ಎನ್‌ಹೆಚ್ 66 ಹಿಡಿದು ಮಹಾಡ್, ಚಿಪ್ಳೂಣ್, ಕುಡಾಳ್, ಗೋವಾ, ಕಾರವಾರ ಅಂತ ಸೀದಾ ಸಮುದ್ರದ ಬದಿಲೇ ಮನೆ ಬಾಗಿಲಿಗೆ. ಇನ್ನೊಂದು ಎನ್‌ಹೆಚ್ 48ರಲ್ಲಿ ಪುಣೆ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ತನಕ ಹೋಗಿ ಅಲ್ಲಿಂದ ಯಲ್ಲಾಪುರ, ಅರಬೈಲ್ ಘಾಟಿ ಇಳಿದು ಅಂಕೋಲ. ಎರಡೂ ಹೆಚ್ಚುಕಮ್ಮಿ 850-900 ಕಿಲೋಮೀಟರ್ ಬರತ್ತೆ. ಮನಸ್ಸು ಕರಾವಳಿ ರೂಟ್ ಕಡೆ ಎಳೀತಿದೆ, ಸಾಫ್ಟ್ ಟಾಪ್ (ಬಟ್ಟೆ ಚಾವಣಿ ಮಡಚೋ) ಗಾಡಿ ತಗೊಂಡು ಘಟ್ಟದ ಮೇಲಿನ ಹೈವೇಲಿ ಲಾರಿ ಹೊಗೆ ಕುಡಿಯೋದಕ್ಕಿಂತ ಇದೇ ಒಳ್ಳೇದು ಅನ್ಸತ್ತೆ.

ಎರಡು ದಿನದ ಪ್ಲಾನು. ಜೊತೆಗೆ ನನ್ನ ಭಾವ (ಹೆಂಡ್ತಿಯ ಅಣ್ಣ) ಬರ್ತಾರೆ, ಅವರಿಗೂ ಓಡಿಸೋ ಆಸೆ. ಹೆಂಡ್ತಿ ಮಗಳು ಮುಂಬೈಲಿ ನೆಂಟರ ಮನೆಗೆ ಬಂದು ಆಮೇಲೆ ಮತ್ಸ್ಯಗಂಧ ರೈಲಲ್ಲಿ ವಾಪಸ್, ಗಾಡೀಲಿ ಇರೋದೇ ಎರಡು ಸೀಟು. ಲಗೇಜು, ಪೆಟ್ರೋಲು, ಟೈರು, ಪೇಪರ್ಸು, ಎಲ್ಲಿ ಉಳ್ಕೋಬೇಕು, ಏನ್ ಹೇಳಿದ್ರೂ ಸರಿ. ಇಷ್ಟು ಕೆಳಗಿನ ಗಾಡಿ ನಾನು ಇದುವರೆಗೆ ಇಟ್ಟಿಲ್ಲ, ಈಗಿರೋದು ಎತ್ತರದ ಡೀಸೆಲ್ ಎಸ್‌ಯುವಿ.

---

ಪುಣೇಕರ ಕನ್ನಡಿಗ

ಮೊದ್ಲು ಅಭಿನಂದನೆ. ಆಮೇಲೆ ನೇರ ವಿಷಯಕ್ಕೆ ಬರ್ತೀನಿ, ಕರಾವಳಿ ರೂಟ್ ಈ ಸಲಕ್ಕೆ ಬಿಟ್ಬಿಡಿ. ಮುಂಬೈ-ಗೋವಾ ರಸ್ತೆ ಅಗಲ ಮಾಡೋ ಕೆಲಸ 2011ರಲ್ಲಿ ಶುರುವಾಗಿದ್ದು, ಮಾಣಗಾಂವ್ ಇಂದಾಪುರ ಹತ್ರ ಪೇಟೆ ಒಳಗೇ ಹೋಗ್ಬೇಕು, ವಾರಾಂತ್ಯ ಅಂದ್ರೆ ಅಲ್ಲಿ ನಿಂತ್ಕೊಂಡೇ ಊಟದ ಹೊತ್ತಾಗತ್ತೆ. ಒಳ್ಳೆ ಕಾಂಕ್ರೀಟ್ ರಸ್ತೇಲಿ ನೂರರಲ್ಲಿ ಹೋಗ್ತಾ ಇರ್ತೀರಿ, ತಟ್ಟಂತ ಡೈವರ್ಶನ್, ಹಳೇ ಡಾಂಬರಿಗೆ ಇಳಿಯೋ ಕಡೆ ಒಂದು ಮೆಟ್ಟಿಲು. ನಿಮ್ಮ ಎಸ್‌ಯುವಿಗೆ ಅದು ಗೊತ್ತೂ ಆಗಲ್ಲ, ಝಡ್4ಗೆ ಗ್ರೌಂಡ್ ಕ್ಲಿಯರೆನ್ಸು, ಅಂದ್ರೆ ನೆಲಕ್ಕೂ ಗಾಡಿ ತಳಕ್ಕೂ ಮಧ್ಯದ ಗ್ಯಾಪು, ಬರೀ 114 ಮಿಲಿಮೀಟರ್, ಮೂತಿ ಬೇರೆ ಉದ್ದ. ಕಾಶೇಡಿ ಘಾಟಿಗೆ ಈಗ ಸುರಂಗ ಬಂದು ಆ ಭಾಗ ಸುಖ ಆಗಿದೆ ನಿಜ, ಆದ್ರೆ ಒಂದು ಸುರಂಗ ನೋಡಿ ಪೂರ್ತಿ ರೂಟ್ ತೀರ್ಮಾನ ಮಾಡೋಕಾಗಲ್ಲ. ಏನಾದ್ರೂ ಆದ್ರೆ ರತ್ನಾಗಿರಿ ಜಿಲ್ಲೆ ಮಧ್ಯದಲ್ಲಿ ಈ ಗಾಡಿನ ಹೊತ್ಕೊಂಡು ಹೋಗೋ ಫ್ಲ್ಯಾಟ್‌ಬೆಡ್ ಲಾರಿ ಬರೋಕೆ ಎಷ್ಟು ಹೊತ್ತು ಅಂತ ಯೋಚ್ನೆ ಮಾಡಿ. ಎನ್‌ಹೆಚ್ 48ರಲ್ಲಿ ಪುಣೆ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ಅಂತ ನೂರು ಇನ್ನೂರು ಕಿಲೋಮೀಟರಿಗೊಂದು ದೊಡ್ಡ ಊರು ಸಿಗ್ತಾ ಹೋಗತ್ತೆ.

ಆದ್ರೆ 48 ಅಂದ್ರೆ ರೇಷ್ಮೆ ಅಂದ್ಕೋಬೇಡಿ. ಸಾತಾರಾದಿಂದ ಕಾಗಲ್ ತನಕ ಆರು ಲೇನ್ ಕೆಲಸದ ಡೈವರ್ಶನ್‌ಗಳಿವೆ, ಫ್ಲೈಓವರ್ ಕಟ್ಟೋ ಕಡೆಯೆಲ್ಲ ಸರ್ವಿಸ್ ರೋಡಿಗೆ ಇಳಿಸ್ತಾರೆ. ಪುಣೆ ದಾಟಿದ್ಮೇಲೆ ಖಂಬಾಟ್ಕಿ ಘಾಟಿ ಹತ್ತಬೇಕು, ನಿಮ್ಮ ದಿಕ್ಕಿಗೆ ಹಳೇ ಸುರಂಗ ಸಿಗಲ್ಲ, ಅದು ಸಾತಾರಾ ಕಡೆಯಿಂದ ಬರೋರಿಗೆ. ಘಾಟೀಲಿ ಲಾರಿಗಳು ಎರಡೂ ಲೇನಲ್ಲಿ ತೆವಳ್ತಾ ಇರ್ತಾವೆ, ಸುಮ್ನೆ ಹಿಂದೆ ಗ್ಯಾಪ್ ಬಿಟ್ಕೊಂಡು ಹೋಗಿ, 500 ನ್ಯೂಟನ್ ಮೀಟರ್ ಟಾರ್ಕ್ ಎಲ್ಲೂ ಓಡಿ ಹೋಗಲ್ಲ.

ಮುಖ್ಯವಾದ್ದು ಇದು, ಜನವರಿ ಅಂದ್ರೆ ಕಬ್ಬಿನ ಸೀಸನ್ನು. ಕರಾಡ್ ದಾಟಿದ್ರೆ ಕೊಲ್ಲಾಪುರ, ನಿಪ್ಪಾಣಿ, ಸಂಕೇಶ್ವರ ತನಕ ಸಕ್ಕರೆ ಫ್ಯಾಕ್ಟರಿಗಳು ಸಾಲು ಸಾಲು. ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ ಕಬ್ಬು ತುಂಬ್ಕೊಂಡು ಹೈವೇಗೆ ಬರ್ತಾವೆ, ಹಿಂದೆ ಲೈಟ್ ಇರಲ್ಲ ರಿಫ್ಲೆಕ್ಟರ್ ಇರಲ್ಲ, ಕೆಲವು ರಾಂಗ್ ಸೈಡಲ್ಲೂ ಬರ್ತಾವೆ. ನಿಮ್ಮ ಸೀಟ್ ಇರೋದು ನೆಲದ ಮಟ್ಟದಲ್ಲಿ, ಮುಂದಿನ ಲಾರಿ ಆಚೆ ಏನಿದೆ ಅಂತ ಕಾಣೋದೇ ಇಲ್ಲ. ಕತ್ಲೆ ಆಗೋ ಮೊದ್ಲು ಬೆಳಗಾವಿ ಮುಟ್ಟೋ ಹಾಗೆ ಹೊರಡಿ. ಉಳಿದಿದ್ದೆಲ್ಲ ಹೊಂದಿಸ್ಕೋಬಹುದು, ಇದನ್ನ ಮಾತ್ರ ಹೊಂದಿಸ್ಕೋಬೇಡಿ.

ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಲಿ ಕ್ಯಾಮೆರಾ ತುಂಬಿ ಹೋಗಿವೆ, ಕಾರಿಗೆ 100, ಖಂಡಾಲ ಘಾಟಿ ಭಾಗದಲ್ಲಿ 60. ಹೊಸ ಗಾಡಿ ಖುಷೀಲಿ ಒತ್ತಿದ್ರೆ ಚಲನ್ ಹೋಗೋದು ಹಳೇ ಓನರ್ ಮೊಬೈಲಿಗೆ, ಪಾಪ.

---

ಸೈಡ್‌ವಾಲ್

ಬೆಂಗಳೂರಿಂದ. ನಾನೂ ಕೆಳಗಿನ ಗಾಡಿ ಇಟ್ಕೊಂಡಿರೋನು, ಅದಕ್ಕೆ ಟೈರ್ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ದಾಟಿಸಿ ಓದಿ.

2021ರ ಗಾಡಿ, 11 ಸಾವಿರ ಮಾತ್ರ ಓಡಿದೆ ಅಂದ್ರೆ ಎಲ್ರೂ ಖುಷಿ ಪಡ್ತಾರೆ, ನಂಗೆ ಅಲ್ಲೇ ಅನುಮಾನ. ಕಂಪನಿಯಿಂದ ಬಂದ ಟೈರೇ ಇನ್ನೂ ಇರತ್ತೆ, ಟ್ರೆಡ್ ನೋಡಿದ್ರೆ ಹೊಸದು, ರಬ್ಬರ್ ಮಾತ್ರ ಐದಾರು ವರ್ಷ ಹಳೇದು. ಸೈಡ್‌ವಾಲಲ್ಲಿ ಡಿಓಟಿ ಅಂತ ಶುರುವಾಗೋ ಸಾಲಿನ ಕೊನೇಲಿ ನಾಲ್ಕು ಅಂಕಿ ಇರತ್ತೆ, ಮೊದಲೆರಡು ವಾರ, ಆಮೇಲಿನೆರಡು ವರ್ಷ. 3820 ಅಂತಿದ್ರೆ 2020ರ 38ನೇ ವಾರ ತಯಾರಾದದ್ದು. ಬಿಸಿಲಲ್ಲಿ ಪಾರ್ಕಿಂಗಲ್ಲೇ ನಿಂತ ಗಾಡಿಯಾದ್ರೆ ಸೈಡಲ್ಲಿ ಸಣ್ಣ ಸಣ್ಣ ಬಿರುಕು ಬಂದಿರತ್ತೆ, ಬ್ಯಾಟರಿ ಟಾರ್ಚ್ ಹಿಡಿದು ಒಳಗಿನ ಬದಿನೂ ನೋಡಿ. ಹಾಗೇನಾದ್ರೂ ಇದ್ರೆ ರೇಟಲ್ಲಿ ಇಳಿಸಿ ಮುಂಬೈಲೇ ನಾಲ್ಕೂ ಬದಲಾಯ್ಸಿ, ಊರಿಗೆ ಬಂದು ನೋಡೋಣ ಅನ್ಬೇಡಿ. ಈ ಗಾಡಿಗೆ ಮುಂದೆ 255/35, ಹಿಂದೆ 275/35, ಎರಡೂ 19 ಇಂಚು. ಈ ಸೈಜ್ ನಿಮಗೆ ಕುಮಟಾದಲ್ಲಿ ಯಾರೂ ಶೆಲ್ಫಿಂದ ತೆಗೆದು ಕೊಡಲ್ಲ, ಮಂಗಳೂರಲ್ಲೂ ಆರ್ಡರ್ ಹಾಕ್ಸಿ ಕಾಯ್ಬೇಕಾಗಬಹುದು. ಮುಂದೆ ಹಿಂದೆ ಸೈಜೇ ಬೇರೆ ಆಗಿರೋದ್ರಿಂದ ಒಂದು ಎಕ್ಸ್‌ಟ್ರಾ ವೀಲ್ ಡಿಕ್ಕಿಗೆ ಹಾಕ್ಕೊಂಡ್ರೂ ಪ್ರಯೋಜನ ಇಲ್ಲ, ಹಾಕ್ಕೊಳ್ಳೋಕೆ ಜಾಗಾನೂ ಇಲ್ಲ, ಈ ಗಾಡಿಗೆ ಸ್ಟೆಪ್ನಿ ಅನ್ನೋದೇ ಬರಲ್ಲ.

ಟೈರ್ ರನ್‌ಫ್ಲ್ಯಾಟಾ ಅಲ್ವಾ ಅಂತ ಗುರುತು ನೋಡಿ. ರನ್‌ಫ್ಲ್ಯಾಟ್ ಆದ್ರೆ ಗಾಳಿ ಪೂರ್ತಿ ಹೋದ್ರೂ 80ರ ಒಳಗಿನ ಸ್ಪೀಡಲ್ಲಿ ಸುಮಾರು 80 ಕಿಲೋಮೀಟರ್ ತೆವಳಬಹುದು, ಯಲ್ಲಾಪುರದಿಂದ ಅಂಕೋಲಕ್ಕೋ ಹುಬ್ಬಳ್ಳಿಗೋ ಅಷ್ಟು ಸಾಕಾಗತ್ತೆ. ಅಲ್ಲ ಅಂದ್ರೆ ಸೀಲೆಂಟ್ (ತೂತು ಮುಚ್ಚೋ ದ್ರವ) ಬಾಟ್ಲಿ ಮತ್ತೆ ಕಂಪ್ರೆಸರ್ ಗಾಡೀಲಿ ಇದೆಯಾ, ಬಾಟ್ಲಿಯ ಡೇಟ್ ಮುಗಿದಿಲ್ವಾ ನೋಡಿ. ಸೀಲೆಂಟ್ ಮೊಳೆ ಚುಚ್ಚಿದ ತೂತಿಗೆ ಮಾತ್ರ, ಗುಂಡಿಗೆ ಬಿದ್ದು ಸೈಡ್‌ವಾಲ್ ಸೀಳಿದ್ರೆ ಅದು ದಂಡ. ಟ್ಯೂಬ್‌ಲೆಸ್ ಪಂಚರ್ ಕಿಟ್ ಒಂದು ಇಟ್ಕೊಳ್ಳಿ, ತೂತಿಗೆ ಅಂಟಿನ ಹಗ್ಗ ತುರುಕೋ ಕೆಲಸ ಎಲ್ಲ ಪಂಚರ್ ಅಂಗಡಿಯವರಿಗೂ ಬರತ್ತೆ. ಜ್ಯಾಕ್ ಕೊಡೋ ಜಾಗ ಮಾತ್ರ ನೀವೇ ನಿಂತು ತೋರಿಸಿ, ಸಿಕ್ಕಲ್ಲಿ ಕೊಟ್ಟು ಎತ್ತಿದ್ರೆ ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪುಡಿ.

ಇನ್ನೊಂದು, ನೀವು ಬಹುಶಃ ಕೀ ತಗೊಂಡ ದಿನಾನೇ ಊರಿಗೆ ಹೊರಡೋ ಯೋಚ್ನೇಲಿದೀರಿ. ಬೇಡ. ನಿಂತಿದ್ದ ಗಾಡಿಯ ರೋಗ ಓಡಿಸಿದಾಗ್ಲೇ ಹೊರಗೆ ಬರೋದು. ಕೀ ತಗೊಂಡು ಒಂದು ಪೂರ್ತಿ ದಿನ ಮುಂಬೈಲೇ ಓಡಿಸಿ, ಟ್ರಾಫಿಕ್ಕಲ್ಲಿ ಎಸಿ ಹಾಕ್ಕೊಂಡು ನಿಲ್ಸಿ, ಲೋಣಾವಳ ತನಕ ಹೋಗಿ ಬನ್ನಿ, ರಾತ್ರಿ ಪಾರ್ಕ್ ಮಾಡಿದ ಕಡೆ ಕೆಳಗೆ ರಟ್ಟು ಹಾಸಿ ಬೆಳಿಗ್ಗೆ ಆಯಿಲ್ಲೋ ಕೂಲಂಟೋ ತೊಟ್ಟಿಕ್ಕಿದೆಯಾ ನೋಡಿ. ಬ್ಯಾಟರಿ ವೀಕ್ ಆಗಿದ್ರೆ ಅಲ್ಲೇ ಗೊತ್ತಾಗತ್ತೆ. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಬದಲಿಸ್ಬೇಕು, ಕಿಲೋಮೀಟರ್ ಲೆಕ್ಕ ಅಲ್ಲ ಕಾಲದ ಲೆಕ್ಕ, ಸರ್ವಿಸ್ ಹಿಸ್ಟರೀಲಿ ಅದು ಇಲ್ಲ ಅಂದ್ರೆ ಘಾಟಿ ಇಳಿಯೋ ಮೊದ್ಲು ಮಾಡ್ಸಿ. ಸಮಸ್ಯೆ ಇದ್ರೆ ಅದು ಮಾರಿದವನ ಮನೆಯಿಂದ ಹತ್ತು ಕಿಲೋಮೀಟರಲ್ಲಿ ಹೊರಗೆ ಬರ್ಲಿ, ಆರ್‌ಟಿಒ ಪೇಪರಿಗೆ ಸೈನ್ ಆಗೋ ಮೊದ್ಲು ಬರ್ಲಿ.

---

ಗಿರ್ಮಿಟ್ ಹುಬ್ಬಳ್ಳಿ

ಸರ, ಹುಬ್ಬಳ್ಳಿಯಾಗ ಉಳೀರಿ, ಬೆಳಗಾವಿ ಬ್ಯಾಡ್ರಿ. ಯಾಕಂದ್ರ ಎರಡನೇ ದಿನದ ಆಟ ಪೂರಾ ಯಲ್ಲಾಪುರ ರಸ್ತೆ ಮ್ಯಾಲ ಐತಿ. ಬೆಳಗಾವ್ಯಾಗ ಮಲಗಿದ್ರ ಅಲ್ಲಿಂದ ಹುಬ್ಬಳ್ಳಿಗೆ ಬರೂದ್ರಾಗ ಎಂಟೂವರಿ ಒಂಬತ್ತು ಆಗ್ತದ, ಆ ಹೊತ್ತಿಗೆ ಅಂಕೋಲಾ ರಸ್ತೆ ಲಾರಿಯಿಂದ ತುಂಬಿರ್ತದ. ಹುಬ್ಬಳ್ಳಿಯಾಗ ಇದ್ರ ಮುಂಜಾನೆ ಆರಕ್ಕ ಹೊಂಡ್ರಿ, ಕಲಘಟಗಿ ದಾಟಿ ಏಳೂವರಿಗೆಲ್ಲ ಯಲ್ಲಾಪುರದಾಗ ಚಾ ಕುಡೀತೀರಿ.

ಧಾರವಾಡ ಬೈಪಾಸ್ ಬಗ್ಗೆ ಒಂದ್ ಮಾತು. ಮ್ಯಾಲಿಂದ ಬರೂವಾಗ ಅಗಲ ರಸ್ತೆಯಾಗ ಆರಾಮ ಬಂದಿರ್ತೀರಿ, ಧಾರವಾಡ ಹತ್ರ ಬಂದ ಕೂಡ್ಲೆ ಬೈಪಾಸ್ ಸುರು. ಆ 30 ಕಿಲೋಮೀಟರ್ ಬೈಪಾಸು ವರ್ಷಾನುಗಟ್ಲೆ ಎರಡೇ ಲೇನ್ ಇದ್ದು ಎಷ್ಟೋ ಮಂದಿ ಜೀವಾ ತಗೊಂಡೈತಿ, ಈಗ ಅಗಲ ಮಾಡ್ಲಿಕತ್ತಾರ. ಕೆಲಸ ನಡದ ಕಡೆ ಸ್ಪೀಡ್ ಇಳಸ್ರಿ, ಎದುರಿಗಿಂದ ಬರೋ ಗಾಡಿಗೆ ಓವರ್‌ಟೇಕ್ ಮಾಡೋ ಹುಚ್ಚು ಹೆಚ್ಚು.

ಕಲಘಟಗಿ ಆಚಿ ಹಳ್ಳಿ ಹಳ್ಳಿಗೆ ಹಂಪ್ ಅದಾವು, ಬಿಳೇ ಪಟ್ಟಿ ಹೊಡದಿರೂದಿಲ್ಲ. ಮಳಿಗಾಲದಾಗ ಬಿದ್ದ ತೆಗ್ಗು ಜನವರಿ ಹೊತ್ತಿಗೆ ಮುಚ್ಚಿರ್ತಾರ, ಮುಚ್ಚಿದ್ದು ಹಂಪ್ ಆಗಿರ್ತದ, ಅದೊಂದು ಮಜಾ. ಹಂಪ್ ಬಂದಾಗ ಗಾಡಿ ಓರೆ ಮಾಡಿ ಒಂದೊಂದ ಗಾಲಿ ಹತ್ತಿಸ್ರಿ. ಹಿಂದಿನ ಲಾರಿಯಂವ ಹಾರ್ನ್ ಹೊಡದ್ರ ಹೊಡೀಲಿ ಬಿಡ್ರಿ, ಬಂಪರ್ ಅವಂದಲ್ಲ.

ಮತ್ತ ಊಟ ಕೇಳಿಲ್ಲ ನೀವು, ಆದ್ರೂ ಹೇಳ್ತೀನಿ. ಕೊಲ್ಲಾಪುರದಾಗ ಮಧ್ಯಾಹ್ನ ತಾಂಬಡಾ ರಸ್ಸಾ (ಕೆಂಪ ಖಾರದ ಮಟನ್ ಸಾರು) ಹೊಡದು ಸ್ಟೇರಿಂಗ್ ಹಿಡೀಬ್ಯಾಡ್ರಿ, ನಿಪ್ಪಾಣಿ ಬರೂದ್ರಾಗ ಕಣ್ಣು ಎಳೀತಾವು. ಹಗರ ಏನರ ತಿಂದು, ರಾತ್ರಿ ಇಲ್ಲಿ ಬಂದು ರೊಟ್ಟಿ ಊಟ ಮಾಡ್ರಿ.

---

ದಾಖಲೆ ದಾಮು

ರಸ್ತೆ ವಿಷಯ ಎಲ್ರೂ ಹೇಳಿದಾರೆ, ನಾನು ಪೇಪರ್ ಅಷ್ಟೇ ಹೇಳ್ತೀನಿ, ಕೆಲಸ ಇದೇ ಸಾಲಿಂದು.

ದೊಡ್ಡದು ಇನ್ಶೂರೆನ್ಸ್. ಗಾಡಿ ಕೈ ಬದಲಾದ್ರೆ ಥರ್ಡ್ ಪಾರ್ಟಿ ಕವರ್ ತಾನಾಗೇ ಮುಂದುವರಿಯತ್ತೆ, ನಿಮ್ಮ ಗಾಡಿಗೆ ಆಗೋ ಡ್ಯಾಮೇಜಿನ ಕವರ್ ಹಾಗಲ್ಲ, ಪಾಲಿಸಿ ನಿಮ್ಮ ಹೆಸರಿಗೆ ಆಗ್ಬೇಕು. ಮೋಟಾರ್ ವಾಹನ ಕಾಯ್ದೆ 157ರಲ್ಲಿ 14 ದಿನದೊಳಗೆ ಅರ್ಜಿ ಕೊಡ್ಬೇಕು ಅಂತಿದೆ, ಹಂಗಂತ 14 ದಿನ ಆರಾಮ ಅಂತ ಕೂರ್ಬೇಡಿ. ಪೇಪರಿಗೆ ಸೈನ್ ಆಗಿ, ಪಾಲಿಸಿ ಇನ್ನೂ ಹಳೇ ಹೆಸರಲ್ಲೇ ಇರೋವಾಗ ಖಂಬಾಟ್ಕೀಲಿ ಗುದ್ದಿಸ್ಕೊಂಡ್ರೆ ಕ್ಲೇಮ್ ಕತೆ ಎಲ್ಲಿಗೋ ಹೋಗತ್ತೆ. ಹೊರಡೋ ಮೊದ್ಲೇ ಇನ್ಶೂರೆನ್ಸ್ ಕಂಪನಿ ಜೊತೆ ಮಾತಾಡಿ ಲಿಖಿತದಲ್ಲಿ ತಗೊಳ್ಳಿ, ಭಾವ ಓಡಿಸ್ತಾರೆ ಅಂದ್ರೆ ಅವರ ಲೈಸೆನ್ಸ್ ಡೇಟೂ ನೋಡಿ.

ಬೇರೆ ರಾಜ್ಯಕ್ಕೆ ತರೋದ್ರಿಂದ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಟ್ರಾನ್ಸ್‌ಫರ್‌ಗೆ 29 ಮತ್ತೆ 30, ಸಾಲ ಇದ್ದ ಗಾಡಿಯಾದ್ರೆ ಬ್ಯಾಂಕಿಂದ 35. ಬಾಕಿ ಚಲನ್ ಇದ್ರೆ ಎನ್‌ಒಸಿ ಸಿಕ್ಕಾಕ್ಕೊಳತ್ತೆ, ಸರ್ಕಾರದ ಪರಿವಾಹನ್ ವೆಬ್‌ಸೈಟಲ್ಲಿ ನಂಬರ್ ಹೊಡೆದು ಈಗ್ಲೇ ನೋಡಿ. ಚಾಸಿ ನಂಬರ್ ಪೆನ್ಸಿಲ್ ಪ್ರಿಂಟ್ ಮುಂಬೈಲೇ ತೆಗೆಸ್ಕೊಳ್ಳಿ.

ಫಾಸ್ಟ್‌ಟ್ಯಾಗ್ ಹಳೇ ಓನರ್ ಹೆಸರಲ್ಲಿರತ್ತೆ, ಅವರು ಅದನ್ನ ಮುಚ್ಚಿಸದೆ ನಿಮಗೆ ಹೊಸದು ಸಿಗಲ್ಲ, ಒಂದು ಗಾಡಿಗೆ ಒಂದೇ ಟ್ಯಾಗ್. ಎರಡರ ಮಧ್ಯೆ ಟ್ಯಾಗ್ ಇಲ್ದೆ ಹೊರಟ್ರೆ, 2025 ನವೆಂಬರ್ 15ರ ನಿಯಮದ ಪ್ರಕಾರ, ಟೋಲು ಕ್ಯಾಶಿಗೆ ಎರಡು ಪಟ್ಟು, ಯುಪಿಐ ಆದ್ರೆ ಒಂದೂಕಾಲು ಪಟ್ಟು. ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ಇದ್ರೂ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಗೆ ನಡೆಯಲ್ಲ, ಅದು ರಾಜ್ಯದ ರಸ್ತೆ.

ಇನ್ನು ತೆರಿಗೆ. ನಮ್ಮಲ್ಲಿ 20 ಲಕ್ಷದ ಮೇಲಿನ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 18 ಪರ್ಸೆಂಟ್, ಮೇಲೆ ಸೆಸ್. ಹಳೇ ಗಾಡಿಗೆ ವಯಸ್ಸಿನ ಪ್ರಕಾರ ಇಳಿಯತ್ತೆ. ಮಹಾರಾಷ್ಟ್ರದಲ್ಲಿ ಕಟ್ಟಿದ್ದರಲ್ಲಿ ಉಳಿದ ವರ್ಷಗಳ ಪಾಲಿಗೆ ರೀಫಂಡ್ ಅರ್ಜಿ ಹಾಕ್ಬೇಕು, ಅದಕ್ಕೆ ಮಾರಿದವರ ಸಹಕಾರ ಬೇಕಾಗತ್ತೆ, ಆದ್ರಿಂದ ಅವರ ಜೊತೆ ಚೆನ್ನಾಗಿರಿ. ಎಂಎಚ್ ನಂಬರಲ್ಲೇ ವರ್ಷಗಟ್ಲೆ ಓಡಿಸ್ಬಹುದು ಅನ್ನೋ ಸಲಹೆ ಯಾರಾದ್ರೂ ಕೊಟ್ರೆ 2025 ಜುಲೈಲಿ ಬೆಂಗಳೂರಲ್ಲಿ ಮಹಾರಾಷ್ಟ್ರ ನಂಬರಿನ ಫೆರಾರಿಗೆ ದಂಡ ಸೇರಿ 1.42 ಕೋಟಿ ಕಟ್ಟಿಸಿದ್ದು ನೆನಪು ಮಾಡಿ.

---

ಕದ್ರಿ ಕಂಬಳ

ಇಷ್ಟೆಲ್ಲ ಓದಿ ನಂಗೆ ಅನಿಸಿದ್ದು ಮಾರಾಯ್ರೆ, ಇದು ಮಜಾ ಮಾಡ್ಲಿಕ್ಕೆ ಹೋಗುವುದಾ ಅಥವಾ ಪರೀಕ್ಷೆ ಬರೀಲಿಕ್ಕೆ ಹೋಗುವುದಾ? ಮುಚ್ಚಿದ ಕ್ಯಾರಿಯರಲ್ಲಿ ಹಾಕಿ ಕಳಿಸಿ, ನೀವು ರೈಲಲ್ಲಿ ಹೆಂಡ್ತಿ ಮಕ್ಕಳ ಜೊತೆ ಮೀನು ಫ್ರೈ ತಿಂದುಕೊಂಡು ಬನ್ನಿ. ಗಾಡಿ ಮನೆಗೆ ಬಂದ ಮೇಲೆ ಬೆಳಿಗ್ಗೆ ಬೆಳಿಗ್ಗೆ ಮರವಂತೆಗೆ ಹೋಗಿ ಬನ್ನಿ, ಅದಕ್ಕಿಂತ ಸುಖ ಎಂತ ಉಂಟು? ಒಂದು ಅಲಾಯ್ ಬೆಂಡ್ ಆದ್ರೆ ಕ್ಯಾರಿಯರ್ ಬಾಡಿಗೆಗಿಂತ ಜಾಸ್ತಿ ಆಗ್ತದೆ.

ಅಥವಾ ಓಡಿಸ್ಲೇಬೇಕು ಅಂತಿದ್ರೆ ಕೊಂಕಣ ರೈಲ್ವೆಯವರು 2025ರ ಗಣೇಶ ಹಬ್ಬಕ್ಕೆ ಕೊಲಾಡಿನಿಂದ ಗೋವಾದ ವೆರ್ಣಾಕ್ಕೆ ಕಾರು ಸಮೇತ ಹೋಗುವ ರೈಲು ಬಿಟ್ಟಿದ್ರು, ಕಾರಿಗೆ 7,875 ರೂಪಾಯಿ. ಅಂಥದ್ದು ಜನವರಿಯಲ್ಲಿ ಇದ್ರೆ ಕೆಟ್ಟ ರಸ್ತೆ ಪೂರ್ತಿ ತಪ್ಪಿತು, ವೆರ್ಣಾದಿಂದ ಕುಂದಾಪುರ ಒಂದೇ ದಾರಿ.

---

ಸೈಡ್‌ವಾಲ್

ಅದು ಹಬ್ಬದ ರೈಲು ಸಾರ್, ಜನವರಿಗೆ ನಂಬ್ಕೊಂಡು ಕೂರೋಕಾಗಲ್ಲ. ಇದ್ರೂ ಗೂಡ್ಸ್ ವ್ಯಾಗನ್ನಿಗೆ ಹತ್ತೋ ರ‍್ಯಾಂಪಲ್ಲಿ 114 ಮಿಲಿಮೀಟರ್ ಗಾಡಿ ಹತ್ತಿಸೋದು ನಾನಂತೂ ಮಾಡಲ್ಲ.

ಕ್ಯಾರಿಯರ್ ವಿಷಯ ಒಪ್ತೀನಿ, ಆದ್ರೆ ಅದ್ರಲ್ಲೂ ಕಟ್ಟೋವಾಗ ಬಿಚ್ಚೋವಾಗ ಆಗೋ ಅನಾಹುತ ಕಮ್ಮಿಯೇನಲ್ಲ. ನನ್ನ ಪರಿಚಯದವರ ಗಾಡಿ ಹೀಗೇ ಬಂತು, ಚೈನ್ ಎಲ್ಲಿಗೋ ಸಿಕ್ಕಿಸಿ ಅಂಡರ್‌ಬಾಡಿ ಕವರ್ ಕಿತ್ತಿತ್ತು, ಲಾರಿಯವರು ನಮಗೆ ಗೊತ್ತೇ ಇಲ್ಲ ಅಂದ್ರು. ಕಳಿಸೋದಾದ್ರೂ ಲೋಡ್ ಮಾಡೋವಾಗ ನಿಂತು ವಿಡಿಯೋ ಮಾಡ್ಬೇಕು. ಅದಕ್ಕೂ ಮುಂಬೈಗೆ ಹೋಗ್ಲೇಬೇಕು.

---

ಮೂರ್ಕೈಯವ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರತ್ತೆ ಅಂದ್ಕೊಂಡಿರ್ಲಿಲ್ಲ. ಕರಾವಳಿ ರೂಟ್ ಕೈಬಿಟ್ಟೆ, 48ರಲ್ಲೇ ಬರ್ತೀನಿ. ಮುಂಬೈಲಿ ಒಂದು ದಿನ ಜಾಸ್ತಿ ಇರೋದು ಮನೇಲೂ ಒಪ್ಪಿದಾರೆ, ಮಗಳಂತೂ ಖುಷಿ. ಟೈರ್ ಫೋಟೋ ಓನರ್ ಹತ್ರ ಕೇಳ್ದೆ, ಹಿಂದಿನವು 4520, ಮುಂದಿನವು ಇನ್ನೂ ಕಳಿಸಿಲ್ಲ. ರೇಟ್ ಮಾತಾಡೋಕೆ ಒಂದು ದಾರಿ ಸಿಕ್ತು.

ಇನ್ನೂ ಮೂರು ಅನುಮಾನ ಉಳಿದಿದೆ. ಪೆಟ್ರೋಲ್ ಯಾವುದು ಹಾಕ್ಸೋದು? ಎಂಜಿನ್ ರನ್-ಇನ್ (ಮೊದಮೊದಲು ಮೆತ್ತಗೆ ಓಡಿಸಿ ಪಳಗಿಸೋದು) ಅಂತ ಏನಾದ್ರೂ ಮಾಡ್ಬೇಕಾ, ಭಾವ ಅದೇ ಹೇಳ್ತಿದಾರೆ, 4500 ಆರ್‌ಪಿಎಂ ದಾಟಿಸ್ಬಾರ್ದು ಅಂತ. ಮತ್ತೆ ಹುಬ್ಬಳ್ಳಿಯಿಂದ ಅರಬೈಲ್ ಬಿಟ್ಟು ಶಿರಸಿ ಮೇಲೆ ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಬಂದ್ರೆ ಹೇಗೆ, ಅಥವಾ ಇನ್ನೂ ಕೆಳಗೆ ತೀರ್ಥಹಳ್ಳಿಗೆ ಬಂದು ಆಗುಂಬೆ? ಲಾರಿ ಕಮ್ಮಿ ಅಂತಾರೆ.

---

ಪುಣೇಕರ ಕನ್ನಡಿಗ

ಭಾವನವರು ಹೇಳ್ತಿರೋದು ಹೊಸ ಗಾಡಿಗೆ. ಮೊದಲ 2000 ಕಿಲೋಮೀಟರ್ ತನಕ 4500 ಒಳಗೆ ಇಟ್ಕೊಳ್ಳಿ ಅಂತ ಇದೆ, 11 ಸಾವಿರ ಓಡಿದ ಗಾಡಿಗೆ ಅದರ ಅಗತ್ಯ ಇಲ್ಲ. ಎಂಜಿನ್ ಆಯಿಲ್ ಬಿಸಿ ಆಗೋ ತನಕ ಒತ್ಬೇಡಿ, ಅಷ್ಟೆ. ಆದ್ರೂ ಭಾವನವರು ಓಡಿಸೋ ಸರದಿ ಬಂದಾಗ ಈ ನಿಯಮ ಜಾರೀಲಿ ಇದೆ ಅಂತ್ಲೇ ಇರ್ಲಿ.

ಪೆಟ್ರೋಲ್‌ದು ಹೀಗೆ. ಫ್ಯೂಯಲ್ ಮುಚ್ಚಳದ ಒಳಗೆ ಸ್ಟಿಕ್ಕರ್ ಇರತ್ತೆ, ಆಕ್ಟೇನ್ ಎಷ್ಟು, ಎಥನಾಲ್ ಎಷ್ಟರ ತನಕ ಅಂತ. ಅದೇ ವೇದವಾಕ್ಯ. ಮುಂಬೈ ಪುಣೆ ಎರಡರಲ್ಲೂ 100 ಆಕ್ಟೇನ್ ಎಕ್ಸ್‌ಪಿ100 ಸಿಗತ್ತೆ, ರೇಟ್ ಕೇಳಿದ್ರೆ ಕಣ್ಣು ಬಿಡ್ತೀರಿ, ಆದ್ರೆ ಮೊದಲ ಟ್ಯಾಂಕಿಗೆ ಹಾಕ್ಸೋದ್ರಲ್ಲಿ ತಪ್ಪಿಲ್ಲ. ಆಮೇಲೆ 95 ಆಕ್ಟೇನ್ ಸಿಗೋ ಕಡೆ ಅದು, ಕೊಲ್ಲಾಪುರ ಬೆಳಗಾವಿ ಹುಬ್ಬಳ್ಳೀಲಿ ಕಷ್ಟ ಇಲ್ಲ. ಟ್ಯಾಂಕ್ 52 ಲೀಟರ್, ಹೈವೇಲಿ ಲೀಟರಿಗೆ ಹತ್ತು ಬಂದ್ರೂ ಐನೂರು ಕಿಲೋಮೀಟರ್ ಆಯ್ತು. ಪುಣೇಲಿ ಫುಲ್, ಹುಬ್ಬಳ್ಳೀಲಿ ರಾತ್ರಿನೇ ಫುಲ್, ಬೆಳಿಗ್ಗೆ ಬಂಕ್ ಹುಡ್ಕೋ ಕೆಲಸ ಬೇಡ.

ಲಗೇಜು ಯಾರೂ ಹೇಳಿಲ್ಲ. ಡಿಕ್ಕಿ 281 ಲೀಟರು, ಟಾಪ್ ಮಡಚಿದ್ರೂ ಅಷ್ಟೇ ಇರತ್ತೆ, ಅದೊಂದು ಒಳ್ಳೇದು. ಗಟ್ಟಿ ಸೂಟ್‌ಕೇಸ್ ಬೇಡ, ಮೆತ್ತಗಿನ ಬ್ಯಾಗ್ ಎರಡು. ಉಳಿದಿದ್ದೆಲ್ಲ ಮತ್ಸ್ಯಗಂಧದಲ್ಲಿ ಹೋಗ್ಲಿ.

---

ಬಾಳೆಗುಳಿ ಕ್ರಾಸ್

ಅಂಕೋಲೆಯವ ನಾನು. ಘಾಟಿ ಪ್ರಶ್ನೆಗೆ ಉತ್ರ ನಮ್ದು.

ದೇವಿಮನೆ ರಸ್ತೆ ಕೆಲಸ ವರ್ಷಗಳಿಂದ ಎಳೀತಾ ಅದೆ, ನಡುನಡುವೆ ಬಂದ್ ಮಾಡ್ತ್ರು. ಹೊರಡೂ ಹಿಂದಿನ ದಿನ ಕುಮಟಾ ಕಡೆ ಯಾರಿಗಾದ್ರೂ ಫೋನ್ ಮಾಡಿ ಕೇಳ್ದೆ ಅತ್ಲಾಗೆ ಬರ್ಬೇಡಿ. ಆಗುಂಬೆ ಚಂದ, ದೊಡ್ಡ ಲಾರಿ ಬಿಡೂದಿಲ್ಲ ನಿಜ, ಆದ್ರೆ 14 ತಿರುವಿನಲ್ಲಿ ಒಳಗಿನ ಬದಿ ಏರು ಎಷ್ಟು ಕಡಿದು ಅಂದ್ರೆ ಬಸ್ಸು ಎದುರು ಬಂದು ನೀವು ಒಳಗೆ ಒತ್ತಿದ್ರೆ ಮೂತಿ ತಾಗ್ತದೆ. ಮೇಲಾಗಿ ಹುಬ್ಬಳ್ಳಿಯಿಂದ ತೀರ್ಥಹಳ್ಳಿ ಅಂದ್ರೆ ಸುಮ್ನೆ ಸುತ್ತು. ಅದನ್ನೆಲ್ಲ ಗಾಡಿ ಕೈಗೆ ಕೂತ ಮೇಲೆ ಮನೆಯಿಂದ ಹೋಗಿ ನೋಡಿ, ಎಲ್ಲಿಗೂ ಹೋಗೂದಿಲ್ಲ ಘಟ್ಟ.

ಅರಬೈಲೇ ಸರಿ. ತಿರುವು ಅಗಲ ಅದೆ, ಏರು ನಿಧಾನ. ಒಂದೇ ತೊಂದರೆ ಅಂದ್ರೆ ಲೋಡ್ ಲಾರಿ ತಿರುವಿನಲ್ಲಿ ಕೆಟ್ಟು ನಿಲ್ಲೂದು. ಹಾಗೆ ನಿಂತ್ರೆ ಎರಡೂ ಬದಿ ಮೈಲಿಗಟ್ಲೆ ಸಾಲು, ಬೈಕ್ ಕೂಡ ಹೋಗೂದಿಲ್ಲ. ಯಲ್ಲಾಪುರದಲ್ಲಿ ಚಾ ಕುಡಿಯುವಾಗ ಕೆಳಗಿಂದ ಬಂದ ಡ್ರೈವರ್ ಒಬ್ಬರ ಹತ್ರ ಘಟ್ಟ ಹೇಗಿದೆ ಅಂತ ಕೇಳಿ, ಮ್ಯಾಪಿನಲ್ಲಿ ಕೆಂಪು ಗೆರೆ ಬರೂ ಮೊದ್ಲು ಅವರಿಗೆ ಗೊತ್ತಿರ್ತದೆ. ಇಳಿಯುವಾಗ ಬ್ರೇಕ್ ಹಿಡಿದೇ ಇರ್ಬೇಡಿ, ಗೇರ್ ಪ್ಯಾಡಲ್ ಅದ್ಯಲ್ಲ, ಎರಡೋ ಮೂರೋ ಗೇರಿಗೆ ಹಾಕಿ ಎಂಜಿನ್ ಮೇಲೆ ಬಿಡಿ. ಜನವರಿ ಬೆಳಿಗ್ಗೆ ಯಲ್ಲಾಪುರದಲ್ಲಿ ಮಂಜು ದಟ್ಟ ಇರ್ತದೆ, ರಸ್ತೆ ಮೇಲೆ ಮರದಿಂದ ಹನಿ ಬಿದ್ದು ಒದ್ದೆ. ಹಿಂದಿನ ಚಕ್ರ ಓಡಿಸೂ ಗಾಡಿ, 340 ಕುದುರೆ, ಟೈರು 2020ದು, ಲೆಕ್ಕ ನೀವೇ ಹಾಕಿ.

ಘಟ್ಟ ಇಳಿದು ಗುಳ್ಳಾಪುರ, ರಾಮನಗುಳಿ, ಸುಂಕಸಾಳ ತನಕ ಗಂಗಾವಳಿ ಹೊಳೆ ಬದಿಯ ಕಣಿವೆ, ಬಿಸಿಲು ಬಂದಿರ್ತದೆ. ಟಾಪ್ ತೆಗೆಯೂದಾದ್ರೆ ಅಲ್ಲಿ ಲಾರಿ ಹಿಂದೆ ಇಲ್ಲದಾಗ ತೆಗೀರಿ, ಟೊಪ್ಪಿ ಹಾಕ್ಕೊಳ್ಳಿ. ಅದು 50ರ ಸ್ಪೀಡ್ ತನಕ ಓಡ್ತಾ ಇರುವಾಗ್ಲೇ ಹತ್ತು ಸೆಕೆಂಡಿನಲ್ಲಿ ತೆಗೀತದೆ ಅಂತಾರೆ, ಆದ್ರೂ ನಿಲ್ಸಿ ತೆಗೀರಿ, ನಮ್ಮ ಕಡೆ ಮಕ್ಕಳು ನೋಡ್ಲಿ. ಬಾಳೆಗುಳಿಯಲ್ಲಿ 66 ಸಿಕ್ಕಿದ್ರೆ ಎಡಕ್ಕೆ. ಸ್ವಲ್ಪ ಮುಂದೆ ಶಿರೂರು, 2024 ಜುಲೈ 16ರಂದು ಗುಡ್ಡ ಕುಸಿದು ಜನ ಹೋದ ಜಾಗ, ಬೈಂದೂರು ಶಿರೂರು ಬೇರೆ ಇದು ಬೇರೆ. ಜನವರಿಯಲ್ಲಿ ಭಯ ಇಲ್ಲ, ಆದ್ರೆ ಅಲ್ಲಿ ನಿಲ್ಸಿ ಫೋಟೋ ತೆಗೆಯೂದು ಬೇಡ. ಹೊಳೆಗದ್ದೆ ಟೋಲು, ಹೊನ್ನಾವರದಲ್ಲಿ ಶರಾವತಿ ಸೇತುವೆ, ಭಟ್ಕಳ ಪೇಟೆ ಒಳಗೆ ಸ್ವಲ್ಪ ಗಜಿಬಿಜಿ, ಆಮೇಲೆ ನಿಮ್ಮೂರು. ನಾಲ್ಕು ಲೇನ್ ಅಂತ ಬಿಗಿ ಹಿಡೀಬೇಡಿ, ಡಿವೈಡರ್ ಮಧ್ಯದ ಗ್ಯಾಪಿನಿಂದ ಸ್ಕೂಟರ್ ನುಗ್ತವೆ, ದನ ಅಂತೂ ಟೋಲ್ ಕೊಟ್ಟವರ ಹಾಗೆ ನಡು ರಸ್ತೆಯಲ್ಲೇ ಮಲಗಿರ್ತವೆ.

---

ಗಂಗೊಳ್ಳಿ ಬಾಬು

ಹ್ವಾಯ್, ಊರಿಗ್ ಬಪ್ಪತಿಗೆ ಒತ್ತಿನೆಣೆ ಇಳ್ದ್ರೆ ಮನಿ ಸಿಕ್ಕ್‌ದಂಗೇ. ಮರವಂತೆಯಂಗೆ ನಿಲ್ಸದೆ ಇಪ್ಪುಕಾತಿಲ್ಲೆ, ಒಂದ್ ಬದಿ ಸಮುದ್ರ ಇನ್ನೊಂದ್ ಬದಿ ಸೌಪರ್ಣಿಕಾ, ಅಂಥಾ ಗಾಡಿ ತಕಂಡ್ ಬಂದ್ ನಿಲ್ಸ್ಲಿಲ್ಲ ಅಂದ್ರೆ ಎಂತ ಮಾಡುಕೆ. ಆರೆ ಡಾಂಬರ್ ಬಿಟ್ಟ್ ಹೊಯ್ಗೆಗೆ ಇಳ್ಸ್ಬೇಡಿ ಕಾಣಿ. ಹೂತ್‌ಕಂಡ್ರೆ ಎಳುಕೆ ನಾವೇ ಹತ್ತ್ ಜನ ಬತ್ತ್, ಎಳ್ದಾದ್‌ಮೇಲೆ ಬಂಪರ್ ಹುಡ್ಕುಕೆ ಯಾರೂ ಬತ್ತಿಲ್ಲೆ.

ಮನಿ ಹತ್ರದ್ ಅಡ್ಡರಸ್ತೆ ಹ್ಯಾಂಗಿತ್ತ್? ಸಿಮೆಂಟ್ ರಸ್ತಿಯಿಂದ ಗೇಟಿಗೆ ಹತ್ತು ಜಾಗ ಈಗ್ಳೇ ಅಳ್ದ್ ನೋಡಿ. 900 ಕಿಲೋಮೀಟರ್ ಬಂದ್ ಮನಿ ಮೋರಿಗ್ ತಾಗ್ಸ್‌ಕಂಬುದ್ ಬ್ಯಾಡ.

---

ಮೂರ್ಕೈಯವ

ಬಾಬಣ್ಣ, ಗೇಟ್ ವಿಷಯ ತಲೇಲೇ ಇರ್ಲಿಲ್ಲ! ಈಗ ಟೇಪ್ ಹಿಡ್ಕೊಂಡು ಹೋಗಿ ನೋಡ್ದೆ, ಮೋರಿ ಕಲ್ಲು ರಸ್ತೆಗಿಂತ ಸರೀ ಎತ್ತರ ಇದೆ, ಮೇಸ್ತ್ರಿಗೆ ಹೇಳಿ ಇಳಿಜಾರು ಮಾಡ್ಸ್ಬೇಕು. ಹೋಗೋದ್ರೊಳಗೆ ಸಿಮೆಂಟ್ ಸೆಟ್ ಆಗ್ಬೇಕಲ್ಲ, ಈ ವಾರಾನೇ.

ಪ್ಲಾನ್ ಹೀಗೆ ಆಗಿದೆ. ಬುಧವಾರ ಗಾಡಿ ನೋಡೋದು, ವರ್ಕ್‌ಶಾಪಲ್ಲಿ ಸ್ಕ್ಯಾನು, ಟೈರ್ ಬದಲಿ. ಗುರುವಾರ ಪೂರ್ತಿ ಮುಂಬೈ-ಲೋಣಾವಳ, ಸಂಜೆ ಪೇಪರ್ ಸೈನು. ಶುಕ್ರವಾರ ಬೆಳಿಗ್ಗೆ ಐದಕ್ಕೆ ಹೊರಟು ಹುಬ್ಬಳ್ಳಿ, ಶನಿವಾರ ಆರಕ್ಕೆ ಹೊರಟು ಮನೆ. ಇನ್ಶೂರೆನ್ಸಿನವರು ಗುರುವಾರ ಸಂಜೆಯೊಳಗೆ ಹೆಸರು ಬದಲಿಸಿ ಕೊಡ್ತೀವಿ ಅಂದಿದಾರೆ, ಆಗ್ಲಿಲ್ಲ ಅಂದ್ರೆ ಒಂದು ದಿನ ಮುಂದೆ ಹೋಗತ್ತೆ, ಅಷ್ಟೆ. ಕತ್ಲಲ್ಲಿ ಕೊಲ್ಲಾಪುರ ದಾಟಲ್ಲ, ಅದು ಭಾವನಿಗೂ ಹೇಳಿದೀನಿ. ಅವರಿಗೆ ಬೆಳಗಾವಿಯಿಂದ ಧಾರವಾಡ ತನಕ ಸ್ಟೇರಿಂಗು, ಬೈಪಾಸ್ ಶುರುವಾಗೋ ಮೊದ್ಲು ವಾಪಸ್.

---

ಗಿರ್ಮಿಟ್ ಹುಬ್ಬಳ್ಳಿ

ಸರ, ಶುಕ್ರವಾರ ಅಂದ್ರ ರಾತ್ರಿ ಹುಬ್ಬಳ್ಳಿ ಲಾಡ್ಜಿನಾಗ ಪಾರ್ಕಿಂಗ್ ಕೇಳಿ ಬುಕ್ ಮಾಡ್ರಿ, ಬೇಸ್‌ಮೆಂಟ್ ಪಾರ್ಕಿಂಗ್ ಇದ್ರ ಬ್ಯಾಡ ಅನ್ರಿ, ಆ ಇಳಿಜಾರ ನಿಮ್ಮ ಗಾಡಿಗೆ ಆಗೂದಿಲ್ಲ. ನೆಲದ ಮ್ಯಾಲ ವಾಚ್‌ಮನ್ ಇರೋ ಜಾಗ ನಾ ಎರಡು ನೋಡಿ ಮೆಸೇಜ್ ಮಾಡ್ತೀನಿ. ಮತ್ತ ಶನಿವಾರ ಮುಂಜಾನೆ ಆರಕ್ಕ ಹೊಂಡ್ತೀರಿ ಅಂದ್ರಲ್ಲ, ಐದೂಮುಕ್ಕಾಲಕ್ಕ ಕಾರವಾರ ರಸ್ತೆ ಮ್ಯಾಲ ನಿಂತಿರ್ತೀನಿ, ಒಂದ್ ಸಲ ಸ್ಟಾರ್ಟ್ ಮಾಡಿದ ಸೌಂಡ್ ಕೇಳಸ್ರಿ, ಸಾಕು.